ಮೊಂಬಾಸಾದಲ್ಲಿ ಹೋದ ಶಲ್ಯ

ಬಾಯಿಬಿಟ್ಟು ಚೌಕಾಸಿ ಮಾಡಲು ನನಗೆ ಬರುವುದಿಲ್ಲ. ನಾನು ಆದೋನಿಯ ಹತ್ತಿ ಪೇಟೆಯಲ್ಲಿ ಬೆಳೆದವನು. ಅಲ್ಲಿ ಕೊಳ್ಳುವವನೂ ಮಾರುವವನೂ ಶಲ್ಯದ ಮರೆಯಲ್ಲಿ ಕೈ ಹಿಡಿದು, ಒಬ್ಬರ ಬೆರಳನ್ನೊಬ್ಬರು ಒತ್ತಿಯೇ ದರ ಮುಗಿಸಬೇಕು. ಮುಖ ಮಾತ್ರ ಸಾವಿನ ಮನೆಗೆ ಬಂದವರಂತಿರಬೇಕು. ನಾಟ್ಯ ಕಲಿತವರು ಹಸ್ತಮುದ್ರೆಗಳನ್ನು ಊರಿಗೆಲ್ಲ ತೋರಿಸುತ್ತಾರೆ. ಮುಚ್ಚಿಟ್ಟುಕೊಂಡು ಆಡುವ ವಿದ್ಯೆ ನಮ್ಮ ದಲ್ಲಾಳಿಗಳಿಗೆ ಮಾತ್ರ ಒಲಿದಿದೆ ಎಂಬ ಹೆಮ್ಮೆ ನನಗಿತ್ತು.

ಆಫ್ರಿಕಾದ ಹತ್ತಿ ನೋಡಿಬರಲು ಹೊರಟ ನಮ್ಮ ಸಾಹುಕಾರರು ನನ್ನನ್ನೂ ಹಡಗು ಹತ್ತಿಸಿದರು. ಮದುವೆಯಲ್ಲಿ ಮಾವನವರು ಹೊದಿಸಿದ್ದ ಎಮ್ಮಿಗನೂರಿನ ಕೆಂಪಂಚಿನ ಶಲ್ಯವನ್ನು ಹೆಂಡತಿ ಪೆಟ್ಟಿಗೆಯಿಂದ ತೆಗೆದುಕೊಟ್ಟಳು. "ಇದನ್ನ ಕಳಕೊಂಡು ಬಂದ್ರ ಮನಿ ಒಳಗ ಬರಬ್ಯಾಡ್ರಿ" ಎಂದಳು. ಆಕೆ ತಮಾಷೆ ಮಾಡುವವಳಲ್ಲ.

ಮೊಂಬಾಸಾದಲ್ಲಿ ಇಳಿದಾಗ ನನಗೆ ಬೇಕಾಗಿದ್ದುದು ಮೆಣಸಿನಕಾಯಿ. ಹಡಗಿನ ಸಪ್ಪೆ ಊಟಕ್ಕೆ ನಾಲಿಗೆ ಸತ್ತುಹೋಗಿತ್ತು. ಪೇಟೆಗೆ ಹೋದರೆ, ಅಬ್ಬಾ, ಏನು ಗದ್ದಲ! ಬಾಳೆಗೊನೆ, ತೆಂಗಿನಕಾಯಿ, ಒಣಮೀನು, ಮೂಗಿಗಡರುವ ಲವಂಗದ ವಾಸನೆ. ಎಲ್ಲರೂ ದರವನ್ನು ಬಹಿರಂಗವಾಗಿ ಕೂಗುತ್ತಿದ್ದರು. ಅವರ ಪರವಾಗಿ ನನಗೇ ನಾಚಿಕೆಯಾಯಿತು.

ಮೆಣಸಿನಕಾಯಿ ಗುಡ್ಡೆಗಳ ಹಿಂದೆ ಬಿಳಿಗಡ್ಡದ ಅಜ್ಜನೊಬ್ಬ ಸುಮ್ಮನೆ ಕೂತಿದ್ದ. ಇವನೊಬ್ಬ ಮರ್ಯಾದಸ್ಥ ಎಂದುಕೊಂಡು ಎದುರು ಕುಕ್ಕರಗಾಲಲ್ಲಿ ಕೂತೆ. ಅವನ ಕೈ ಹಿಡಿದು, ಮೇಲೆ ಶಲ್ಯ ಹೊದಿಸಿ, ಒಂದು ಬೆರಳು ಒತ್ತಿದೆ. ಅಜ್ಜ ಕಣ್ಣರಳಿಸಿದ. ಆಮೇಲೆ ಐದೂ ಬೆರಳು ಸೇರಿಸಿ ಒತ್ತಿದ. ಎಲಾ ಇವನ! ನಾನು ಮತ್ತೆ ಒಂದೇ ಒತ್ತಿದೆ. ಅವನು ಎರಡೂ ಕೈ ಸೇರಿಸಿ ಹಿಸುಕಿದ. ಇಷ್ಟು ಗಟ್ಟಿ ಆಸಾಮಿಯನ್ನು ನಮ್ಮ ಪಕ್ಕದ ಆಲೂರಿನ ಪೇಟೆಯಲ್ಲೂ ನಾನು ಕಂಡಿರಲಿಲ್ಲ. ನಾನೂ ಜಗ್ಗಲಿಲ್ಲ. ಕೊನೆಗೆ ಅಜ್ಜನ ಕಣ್ಣಲ್ಲಿ ನೀರಾಡಿತು. ಸೋತ, ಎಂದುಕೊಂಡೆ. ಅವನು ಎದ್ದು ನನ್ನ ಶಲ್ಯವನ್ನು ತನ್ನ ಹೆಗಲಿಗೆ ಹಾಕಿಕೊಂಡು, ಇದ್ದಬದ್ದ ಮೆಣಸಿನಕಾಯಿಯನ್ನೆಲ್ಲ ಬುಟ್ಟಿಗೆ ಸುರಿದು ನನ್ನ ಮಡಿಲಲ್ಲಿಟ್ಟ.

ಪಕ್ಕದ ಅಂಗಡಿಯ ಕಚ್ಛಿ ವ್ಯಾಪಾರಿ ಹಿಂದೂಸ್ತಾನಿಯಲ್ಲಿ ಬಿಡಿಸಿ ಹೇಳಿದ. ಇಲ್ಲಿ ಕೈ ಹಿಡಿಯುವುದು ಕುಶಲ ಕೇಳುವುದಕ್ಕೆ. ಅಷ್ಟು ಹೊತ್ತು ಹಿಡಿಯುವವರು ತೀರ ಬೇಕಾದವರು. ಮೇಲೆ ಬಟ್ಟೆ ಬೇರೆ ಹೊದಿಸಿದ್ದೆ! ಅಜ್ಜ ಅದನ್ನು ಉಡುಗೊರೆಯೆಂದು ತಿಳಿದು, ಬದಲಿಗೆ ತನ್ನ ಅಂಗಡಿಯನ್ನೇ ಕೊಟ್ಟಿದ್ದ. ಯೋಚಿಸಿ ನೋಡಿ, ನಮ್ಮಲ್ಲಿ ಕೈ ಹಿಡಿದಷ್ಟೂ ಅನುಮಾನ ಹೆಚ್ಚು.

ಅಷ್ಟರಲ್ಲಿ ನನ್ನನ್ನು ಹುಡುಕಿಕೊಂಡು ಬಂದಿದ್ದ ಸಾಹುಕಾರರು ಹೊಟ್ಟೆ ಹಿಡಿದು ನಕ್ಕರು. "ಏನಪಾ, ಮೆಣಸಿನಕಾಯಿ ತರಾಕ ಬಂದ್ಯೋ, ಬೀಗತನ ಮಾಡಾಕ ಬಂದ್ಯೋ?"

ಶಲ್ಯ ಕೊಡು ಎನ್ನುವ ಮಾತು ತುದಿನಾಲಿಗೆಗೆ ಬಂದಿತ್ತು. ಆದರೆ ಅಜ್ಜ ಅದರ ಕೆಂಪಂಚನ್ನು ಎಡಬಲದವರಿಗೆಲ್ಲ ಬಿಡಿಸಿ ತೋರಿಸುತ್ತಿದ್ದ. ಕೇಳಲು ಮನಸ್ಸಾಗಲಿಲ್ಲ.

ಆದೋನಿಗೆ ಮರಳಿ, ಹೊಸ್ತಿಲ ಹೊರಗೇ ನಿಂತು, ಉಳಿದಿದ್ದ ಒಣಮೆಣಸಿನಕಾಯಿಯ ಚೀಲವನ್ನು ಮುಂದೆ ಹಿಡಿದು ನಡೆದದ್ದನ್ನೆಲ್ಲ ಒಪ್ಪಿಸಿದೆ. ಹೆಂಡತಿ ಮುಖ ಬಿಗಿದುಕೊಂಡೇ ಕೇಳಿದಳು.

"ಅಜ್ಜಗ ಒಪ್ಪಿತ್ತೇನ್ರಿ ಅದು?"

"ನನಗಿಂತ ಚಂದ ಒಪ್ಪಿತ್ತು."

ಆಕೆ ಚೀಲಕ್ಕೆ ಕೈ ಚಾಚಿದಳು. ಚೀಲದ ಅಡಿಯಲ್ಲಿ, ಯಾರಿಗೂ ಕಾಣದಂತೆ, ನನ್ನ ಬೆರಳುಗಳನ್ನೊಮ್ಮೆ ಬಿಗಿಯಾಗಿ ಒತ್ತಿದಳು. ಅದು ದರವೋ ಕುಶಲವೋ, ಹುಟ್ಟಾ ದಲ್ಲಾಳಿಯಾದ ನನಗೆ ತಿಳಿಯಲಿಲ್ಲ. ಚೌಕಾಸಿ ಮಾಡದೆ ಒಳಗೆ ಹೋದೆ.