ಮೂರು ಎಳೆತದ ಬಾಗಿಲು

ದುಬೈಯ ಕರಾಮದಲ್ಲಿರುವ ನಮ್ಮ ಫ್ಲ್ಯಾಟಿನ ಬಚ್ಚಲಿನ ಬಾಗಿಲು ಬೇಸಗೆ ಬಂತೆಂದರೆ ಉಬ್ಬಿ, ಚೌಕಟ್ಟನ್ನು ಅಪ್ಪಿ ಹಿಡಿದು, ಒಳಗೆ ಹೋದವರನ್ನು ಸುಲಭದಲ್ಲಿ ಹೊರಗೆ ಬಿಡುವುದಿಲ್ಲ. ಒಂದು ಕಡೆ ಸಮುದ್ರದ ಆವಿ, ಇನ್ನೊಂದು ಕಡೆ ಏಸಿಯ ಶೀತ. ನಡುವೆ ಸಿಕ್ಕಿಕೊಂಡ ಮರ ಏನು ಮಾಡೀತು ಹೇಳಿ? ಏಳನೆಯ ಕ್ಲಾಸಿಗೇ ವಿದ್ಯಾದೇವಿಗೆ ಕೈಮುಗಿದು ಉಳಿ ಹಿಡಿದ, ತಾನು ಕೂರಿಸಿದ ಬಾಗಿಲು ಕಿರುಬೆರಳಿಗೆ ತೆರೆಯಬೇಕೆಂಬ ಅಹಂಕಾರವನ್ನು ಇಪ್ಪತ್ತೆಂಟು ವರ್ಷ ದುಬೈಯಲ್ಲಿ ಜತನದಿಂದ ಸಾಕಿಕೊಂಡು ಬಂದಿರುವ ನನ್ನಂಥ ಬಡಗಿಯ ಬಿಡಾರದಲ್ಲೇ ಇಂಥ ಬಾಗಿಲಿರುವುದು ಪಕ್ಕದ ಕೋಣೆಯ ಹಮೀದನಿಗೆ ನಿತ್ಯದ ವಿನೋದ. "ಆಚಾರ್ರೇ, ನಿಮ್ಮ ಕೀಸುಳಿಗೆ ಎಂತ, ವೀಸಾ ಮುಗಿದಿದೆಯಾ?" ಎಂದು ಒಳಗಿನಿಂದಲೇ ಕೂಗುತ್ತಾನೆ. ನಾಲ್ಕು ಸಲ ಕೀಸುಳಿ ಆಡಿಸಿ ಅಂಚು ಹೆರೆದರೆ ಮುಗಿಯುವ ಕೆಲಸ. ಆದರೂ ನಾನು ಮಾಡುವುದಿಲ್ಲ. ಏಕೆಂದು ಹೇಳಬೇಕಾದರೆ ಒಬ್ಬ ಅಮೆರಿಕದ ಮುದುಕನ ಸಂಗತಿ ಹೇಳಬೇಕಾಗುತ್ತದೆ.

ಹಮೀದ ಉಳ್ಳಾಲದ ಕಡೆಯ ಬ್ಯಾರಿ, ಅಲ್ ಕೂಜ್‌ನಲ್ಲಿ ನಾನು ದುಡಿಯುವ ಮರದ ಕಾರ್ಖಾನೆಯ ಫೋರ್‌ಮನ್. ಇಂಗ್ಲಿಷು ಅವನಿಗೆ ಒಲಿದಿದೆ, ಮರ ನನಗೆ ಒಲಿದಿದೆ; ಇಬ್ಬರೂ ಸೇರಿದರೆ ಒಬ್ಬ ಪೂರ್ತಿ ಮನುಷ್ಯ. ಎರಡು ವರ್ಷದ ಹಿಂದೆ ಸಿನಿಮಾದವರು ಪಕ್ಕದ ಗೋಡೌನು ಹಿಡಿದು, ಅದರೊಳಗೆ ಅಮೆರಿಕದ ಬಡವನೊಬ್ಬನ ಅಡುಗೆಕೋಣೆ ಕಟ್ಟುವ ಕೆಲಸ ನಮಗೆ ಕೊಟ್ಟರು. ಹೊರಗಿನ ದೃಶ್ಯಗಳಿಗೆ ಅಬುಧಾಬಿಯ ಮರಳೇ ಅಮೆರಿಕದ ಮರಳಿನ ವೇಷ ಹಾಕಿ ಕುಣಿದು ಮುಗಿದಿತ್ತು. ಸಿನಿಮಾದ ಮನೆಯೆಂದರೆ ಮುಂದೆ ಬಣ್ಣ, ಹಿಂದೆ ಬರೀ ಪ್ಲೈವುಡ್. ಕ್ಯಾಮೆರಾ ನೋಡದ ಕಡೆ ಸತ್ಯಕ್ಕೆ ಕೆಲಸವಿಲ್ಲ. ಆದರೆ ಬಾಗಿಲಿನ ವಿಷಯದಲ್ಲಿ ಸುಳ್ಳು ಹೇಳಲು ನನ್ನ ಕೈ ಒಪ್ಪುವುದಿಲ್ಲ. ರಾಸ್ ಅಲ್ ಖೋರ್‌ನ ಮರದ ಅಂಗಡಿಗಳಲ್ಲಿ ಎರಡು ದಿನ ಅಲೆದು, ಚೆನ್ನಾಗಿ ಒಣಗಿದ ಹಳೆಯ ಮರ ತಂದು, ನಿಜವಾದ ಬಾಗಿಲನ್ನೇ ಮಾಡಿ ನಿಲ್ಲಿಸಿದೆ.

ನಿರ್ದೇಶಕ ಕೋಲೂರಿಕೊಂಡು ಬಂದ. ಎಪ್ಪತ್ತು ದಾಟಿದ, ಬಟ್ಟೆ ನೇತುಹಾಕಿದ ಹ್ಯಾಂಗರಿನಂಥ ಆಳು. ಒಂದು ಬೆರಳಿನಿಂದ ಎಳೆದ. ಬಾಗಿಲು ನಿಶ್ಶಬ್ದವಾಗಿ, ನವವಧುವಿನಷ್ಟು ವಿನಯದಿಂದ ತೆರೆಯಿತು. ಶಹಬ್ಬಾಸಿಗಾಗಿ ನಾನು ಬೆನ್ನು ನೆಟ್ಟಗೆ ಮಾಡಿಕೊಂಡು ನಿಂತರೆ ಮುದುಕನ ಮುಖ ಬಾಡಿತು, ಇಂಗ್ಲಿಷಿನಲ್ಲಿ ಏನೋ ಹೇಳಿದ. ಹಮೀದ ತಲೆ ಕೆರೆದುಕೊಂಡು, "ಆಚಾರ್ರೇ, ಬೇಜಾರು ಮಾಡ್ಬೇಡಿ. ಬಾಗಿಲು ಹಾಳು ಮಾಡ್ಬೇಕಂತೆ" ಎಂದ.

"ಹಾಳು ಬಾಗಿಲು ಬೇಕಾದ್ರೆ ಹಾಳು ಆಚಾರಿಯನ್ನು ಹುಡುಕ್ಲಿಕ್ಕೆ ಹೇಳು" ಎಂದು ನಾನು ಏಪ್ರನ್ ಬಿಚ್ಚಿದೆ.

ಮುದುಕನಿಗೆ ಭಾಷೆ ಅರ್ಥವಾಗದಿದ್ದರೂ ಏಪ್ರನ್ ಅರ್ಥವಾಗಿರಬೇಕು. ಮರದ ಹೊಟ್ಟಿನ ಮೇಲೆಯೇ ಕುಳಿತು ತನ್ನ ಕತೆ ಹೇಳತೊಡಗಿದ. ಹಮೀದ ಸುಲೈಮಾನಿ ಚಹಾ ಹೀರುತ್ತ ಕನ್ನಡಕ್ಕೆ ಇಳಿಸಿದ.

ಪೆಟ್ರೋಲು ಹಾಕುವವನ ಮಗನಂತೆ. ಹೋಟೆಲಿನಲ್ಲಿ ಪಾತ್ರೆ ತೊಳೆಯುತ್ತ ಒಂದು ನಾಟಕ ಬರೆದನಂತೆ. ಗ್ಯಾರೇಜಿನ ಮೇಲಿನ ಹಾಲ್‌ನಲ್ಲಿ ಆಡಿದ್ದು ದೊಡ್ಡ ಪಟ್ಟಣಕ್ಕೆ ಹೋಗಿ ಹೆಸರಾಯಿತಂತೆ. ಅದರ ಕೊನೆಯಲ್ಲಿ ಜಗಳವಾಡಿದ ಮಗ ಮನೆ ಬಿಟ್ಟು ಹೊರಡುತ್ತಾನೆ. ಬಾಗಿಲು ಬಿಗಿದಿದೆ. ಒಮ್ಮೆ ಎಳೆಯುತ್ತಾನೆ, ಎರಡು ಸಲ ಎಳೆಯುತ್ತಾನೆ, ಮೂರನೆಯದಕ್ಕೆ ತೆರೆಯುತ್ತದೆ. ಅಷ್ಟರಲ್ಲಿ ಕುರ್ಚಿಯಲ್ಲಿ ಕೂತ ಅಪ್ಪ ಒಂದು ಮಾತು ಹೇಳಬಹುದಿತ್ತು, ಹೇಳುವುದಿಲ್ಲ. ಮಗನೂ ತಿರುಗಿ ನೋಡುವುದಿಲ್ಲ. ನಾಟಕ ಅಷ್ಟೇ. ಆಮೇಲೆ ಸಿನಿಮಾದವರು ಕರೆದರಂತೆ. ಹತ್ತಾರು ಸಿನಿಮಾಗಳಿಗೆ ಬರೆದ. ಬರೆದದ್ದನ್ನು ಇತರರು ತಿದ್ದಿದರು. ಹೆಸರು ಕೆಲವು ಸಲ ಬಂತು, ಕೆಲವು ಸಲ ಬರಲಿಲ್ಲ. ಅವನ ನಾಟಕವನ್ನೇ ಬೇರೊಬ್ಬರು ಸಿನಿಮಾ ಮಾಡಿದಾಗ ನೋಡುವವರ ಸಮಯ ಹಾಳೆಂದು ಬಾಗಿಲನ್ನು ಒಂದೇ ಎಳೆತಕ್ಕೆ ತೆರೆಸಿಬಿಟ್ಟರು. ಅದರ ಸಿಟ್ಟಿಗೆ ತಾನೇ ನಿರ್ದೇಶಕನಾಗಿ ಎರಡು ಸಿನಿಮಾ ಮಾಡಿದ. ಎರಡನೆಯದನ್ನು ಯಾರೂ ನೋಡಲಿಲ್ಲ. ಅಲ್ಲಿಂದ ಫೋನು ಮೌನ. ಈ ಮರಳುಗಾಡಿನಲ್ಲಿ ಯಾರೋ ಬಂಡವಾಳ ಹಾಕುತ್ತೇನೆಂದ ಮೇಲೆ, ಸಾಯುವ ಮೊದಲು ಆ ಒಂದು ಬಾಗಿಲನ್ನು ಸರಿಯಾಗಿ ತೆರೆಸಬೇಕೆಂದು ಬಂದಿದ್ದಾನೆ.

ನಾನು ಏಪ್ರನ್ ಮತ್ತೆ ಕಟ್ಟಿಕೊಂಡೆ.

ಒಳ್ಳೆಯ ಬಾಗಿಲು ಮಾಡುವುದು ವಿದ್ಯೆಯಾದರೆ, ಪ್ರತಿಸಲವೂ ಸರಿಯಾಗಿ ಮೂರೇ ಎಳೆತಕ್ಕೆ ಸೋಲುವ ಕೆಟ್ಟ ಬಾಗಿಲು ಮಾಡುವುದು ತಪಸ್ಸು. ಮೇಲಿನ ಕೀಲನ್ನು ನೂಲಿನಷ್ಟು ಹೊರಗಿಟ್ಟೆ, ಮೂಲೆಯನ್ನು ಹೆರೆಯದೆ ಬಿಟ್ಟೆ, ಬೇಕಾದ ಕಡೆ ಮೇಣ ಸವರಿದೆ. ಏಸಿ ಜೋರಾದರೆ ಎರಡೇ ಎಳೆತಕ್ಕೆ ಶರಣಾಗುತ್ತಿತ್ತು. ಶಟರ್ ತೆರೆದು ಹೊರಗಿನ ಬೆವರುಗಾಳಿ ನುಗ್ಗಿದರೆ ಐದಕ್ಕೂ ಜಗ್ಗುತ್ತಿರಲಿಲ್ಲ. ಮದ್ದಳೆ ಶ್ರುತಿ ಮಾಡುವವನಂತೆ ಒಂಬತ್ತು ದಿನ ಅದರ ಜೊತೆ ಗುದ್ದಾಡಿ ಗೆದ್ದೆ. ಮುದುಕ ದಿನಾ ಬಂದು ಎಳೆದು ನೋಡಿ, ಬೆರಳಿನಲ್ಲಿ ಲೆಕ್ಕ ಹಿಡಿದು, ಹಲ್ಲಿಲ್ಲದ ಮಗುವಿನಂತೆ ನಗುತ್ತಿದ್ದ.

ಗುರುವಾರ ಕೊನೆಯ ದೃಶ್ಯ ತೆಗೆಯುವುದಿತ್ತು. ಬುಧವಾರ ಮಧ್ಯಾಹ್ನ ಆಫೀಸಿನಿಂದ ಫೋನು ಬಂತು. ಬಂಡವಾಳದವರು ಹಿಂದೆ ಸರಿದಿದ್ದರು. "ಖಲಾಸ್ ಆಚಾರ್ರೇ," ಎಂದ ಹಮೀದ, "ಸಂಜೆಯೊಳಗೆ ಎಲ್ಲ ಒಡೆದು ಗೋಡೌನು ಖಾಲಿ ಮಾಡ್ಬೇಕಂತೆ." ನಟರು ವಿಮಾನ ಹತ್ತಲು ಹೊರಟರು, ಕ್ಯಾಮೆರಾ ಪೆಟ್ಟಿಗೆ ಸೇರಿತು. ಕಟ್ಟಿದವನೇ ಒಡೆಯಬೇಕು, ಇದು ನಮ್ಮ ಕಸುಬಿನ ಧರ್ಮ. ಸುತ್ತಿಗೆ ಎತ್ತಿಕೊಂಡಿದ್ದೆ, ಅಷ್ಟರಲ್ಲಿ ಮುದುಕ ಒಬ್ಬನೇ ಬಂದ. ನನಗೆ ಅಪ್ಪನ ಕುರ್ಚಿಯನ್ನು ಕೋಲಿನಿಂದ ತೋರಿಸಿದ. "ನೀವು ಅಪ್ಪ ಅಂತೆ. ಒಂದ್ಸಲ ಎಳೆದು ನೋಡ್ತಾರಂತೆ, ಕೂತ್ಕೊಳ್ಳಿ" ಎಂದು ಹಮೀದ ಇದ್ದೊಂದು ದೀಪ ಹಾಕಿದ.

ಕೂತೆ. ಮುದುಕ ಮಗನಾದ. ಕೋಲನ್ನು ಗೋಡೆಗೆ ಒರಗಿಸಿ, ಎರಡೂ ಕೈಯಿಂದ ಹಿಡಿಯನ್ನು ಹಿಡಿದು ಎಳೆದ. ಬಾಗಿಲು ಬರಲಿಲ್ಲ. ಎರಡನೆಯ ಸಲ ಎಳೆದ. ಬರಲಿಲ್ಲ. ಆಗ ತಿರುಗಿ ನನ್ನ ಕಡೆ ನೋಡಿದ. ಸ್ವಲ್ಪ ಹೊತ್ತು ನೋಡಿದ. ಅಪ್ಪ ಮಾತಾಡಬಾರದೆಂದು ನನಗೆ ಗೊತ್ತಿತ್ತು. ಕೆಲಸ ಅಚ್ಚುಕಟ್ಟಾಗಬೇಕೆಂದು ತುಟಿ ಬಿಗಿದು ಕೂತೆ. ನಿಜ ಹೇಳಲೇ? ನನ್ನ ಜೀವವೆಲ್ಲ ಕೀಲಿನಲ್ಲಿತ್ತು. ಮೂರನೆಯ ಎಳೆತಕ್ಕೆ, ಸರಿಯಾಗಿ ಮೂರಕ್ಕೆ, ಬಾಗಿಲು ತೆರೆಯಿತು. ಮುದುಕ ಆಚೆ ಹೋದ. ಆಚೆ ಇದ್ದದ್ದು ಪ್ಲೈವುಡ್ ರಾಶಿ ಮತ್ತು ಬೆಂಕಿ ಆರಿಸುವ ಸಿಲಿಂಡರು. ನಾನು ಹೆಮ್ಮೆಯಿಂದ ಹಮೀದನ ಮುಖ ನೋಡಿದೆ. ಅವನು ನೆಲ ನೋಡುತ್ತಿದ್ದ.

ಹೋದ ಚಳಿಗಾಲದಲ್ಲಿ ಮುದುಕ ತೀರಿಹೋದನೆಂದು ಹಮೀದನ ಫೋನಿಗೆ ಸುದ್ದಿ ಬಂತು. ಫೋನು ಕೆಳಗಿಟ್ಟು ಹೇಳಿದ: "ಆ ದಿನ ತಿರುಗಿ ನೋಡಿದ್ರಲ್ಲ ಆಚಾರ್ರೇ, ಅದು ನಾಟಕದಲ್ಲಿ ಇಲ್ಲ."

ಇಲ್ಲವೆಂದು ನನಗೂ ಗೊತ್ತಿತ್ತು. ಮರದ ಹೊಟ್ಟಿನ ಮೇಲೆ ಕೂತು ಅವನೇ ಹೇಳಿದ್ದನ್ನು ನಾನೇ ಕೇಳಿದ್ದೆ. ಅವನಿಗೆ ಬೇಕಾಗಿದ್ದದ್ದು ಒಂದು ಮಾತು, ನನ್ನ ತುಳುವಿನಲ್ಲಾದರೂ ನಡೆಯುತ್ತಿತ್ತು. ಆ ಮಾತಿಗೆ ಬೇಕಾದಷ್ಟು ಹೊತ್ತನ್ನು ನನ್ನ ಕೈಯಾರೆ ಮಾಡಿ, ಕೀಲು ಕೂರಿಸಿ ನಿಲ್ಲಿಸಿದವನು ನಾನು. ಆದರೂ ಕೂತು ಎಳೆತ ಎಣಿಸಿದೆ.

ಈಗ ಬಚ್ಚಲಿನ ಬಾಗಿಲು ಬಿಗಿದು ಹಮೀದ ಒಳಗಿನಿಂದ ಎಳೆಯುವಾಗ, ಎಂಥ ಕೆಲಸವಿದ್ದರೂ ಬಿಟ್ಟು ಹೋಗಿ ಹೊರಗೆ ನಿಲ್ಲುತ್ತೇನೆ. ಎರಡನೆಯ ಎಳೆತಕ್ಕೆ, "ಇದ್ದೇನೆ ಮಾರಾಯ, ಇಲ್ಲೇ ಇದ್ದೇನೆ" ಎನ್ನುತ್ತೇನೆ.

"ನೀವಿದ್ದು ಎಂತ ಪ್ರಯೋಜನ, ಕೀಸುಳಿ ತನ್ನಿ!" ಎಂದು ಅವನು ಬೈಯುತ್ತಾನೆ. ನಾನು ತರುವುದಿಲ್ಲ.