ಒಂದೇ ಲೇಯರಿನ ಎರಡು ಬಾಣ

ಸಂಜೆ ನಾಲ್ಕು ಗಂಟೆ ಹನ್ನೆರಡು ನಿಮಿಷ. ಆ ಫೈಲನ್ನು ನಾನು ಸೇವ್ ಮಾಡಿದ ಹೊತ್ತು ಅದು. ಕಂಪ್ಯೂಟರು ಅದನ್ನು ಇನ್ನೂ ಮರೆತಿಲ್ಲ.

ಹುಬ್ಬಳ್ಳಿಯ ಒಂದು ಫ್ಲೆಕ್ಸ್ ಅಂಗಡಿಯಲ್ಲಿ ಮೂರು ವರ್ಷದಿಂದ ಡಿಸೈನ್ ಮಾಡುತ್ತಿದ್ದೆ. ಒಳಚರಂಡಿಗೆಂದು ಅರ್ಧ ರಸ್ತೆ ಅಗೆದಿದ್ದರು. ಗುಂಡಿಯ ಎರಡು ತುದಿಗೆ ದಾರಿ ತೋರಿಸುವ ಎರಡು ಬೋರ್ಡು ಬೇಕಿತ್ತು; ಒಂದೇ ಫೈಲಿನಲ್ಲಿ ಅಕ್ಕಪಕ್ಕ ಮಾಡಿದ್ದೆ. ಎರಡರಲ್ಲೂ ಬಾಣ ಬಲಕ್ಕಿತ್ತು. ಆ ಕೆಲಸದ ಗುತ್ತಿಗೆದಾರರು ಫೋನ್ ಮಾಡಿದರು: "ಎರಡನೇದರ ಬಾಣಾ ಅಷ್ಟ ಎಡಕ್ಕ ತಿರುಗಸ್ರಿ."

ಎರಡನೆಯದನ್ನು ಪರದೆಯ ತುಂಬ ದೊಡ್ಡದು ಮಾಡಿಕೊಂಡು ಬಾಣದ ಮೇಲೆ ಒತ್ತಿದೆ, ತಿರುಗಿಸಿದೆ. ಅದು ಎಡಕ್ಕೆ ತಿರುಗಿತು. ಸಾಫ್ಟ್‌ವೇರು ಹಿಡಿದದ್ದು ಆ ಬಾಣವನ್ನಲ್ಲ, ಎರಡೂ ಬಾಣಗಳಿದ್ದ ಇಡೀ ಲೇಯರನ್ನು, ಅಂದರೆ ಪದರವನ್ನು. ಪರದೆಯಾಚೆ ಇದ್ದ ಮೊದಲ ಬಾಣವೂ ಎಡಕ್ಕೆ ತಿರುಗಿತ್ತು. ನಮ್ಮ ಹಿರಿಯ ಡಿಸೈನರು ಪ್ರಿಂಟಿಗೆ ಮುಂಚೆ ಪ್ರೂಫ್ ನೋಡಿ "ಛಲೋ ಐತಿ, ಹೊಡಿ" ಅಂದರು.

ಮರುದಿನ ಬೆಳಿಗ್ಗೆ ಬೋರ್ಡು ನೆಡುವವರ ಜೊತೆ ನಾನೂ ಹೋಗಿದ್ದೆ. ಮೊದಲ ಬೋರ್ಡು ನಿಂತ ಕೂಡಲೇ ಒಬ್ಬ ಹೆಂಗಸು ಹಿಂದೆ ಮಗಳನ್ನು ಕೂರಿಸಿಕೊಂಡು ಸ್ಕೂಟಿಯಲ್ಲಿ ಬಂದರು. ಬಾಣ ನೋಡಿ ಎಡಕ್ಕೆ, ಮಣ್ಣಿನ ಗುಡ್ಡೆಯ ಹಿಂದಕ್ಕೆ ತಿರುಗಿದರು. ಅಲ್ಲೇ ಗುಂಡಿ. ಮುಂದಿನ ಗಾಲಿ ಅಂಚು ದಾಟಿತು. ನಮ್ಮವನೊಬ್ಬ ಓಡಿ ಹಿಂದಿನಿಂದ ಗಾಡಿ ಹಿಡಿದೆಳೆದ.

"ಬಾಣಾ ಈ ಕಡೇನ ಐತಲ್ರೀ!" ಎಂದು ಆಕೆ ಚೀರಿದರು. ಯಾರಿಗೂ ಗಾಯವಾಗಲಿಲ್ಲ.

ಬೋರ್ಡು ಕೀಳಿಸಿ ಅಂಗಡಿಗೆ ಬಂದೆ. ಬಾಣಗಳನ್ನೆಲ್ಲ ಒಂದೇ ಲೇಯರಿನಲ್ಲಿಡುವುದು ಅದೇ ಹಿರಿಯರು ಕಲಿಸಿದ ಪದ್ಧತಿ. ಬಣ್ಣ ಬದಲಿಸಲು ಸಲೀಸು.

"ಅಣ್ಣಾ, ಎರಡೂ ತಿರುಗ್ಯಾವು" ಎಂದೆ ಅವರಿಗೆ.

"ತಿರುಗ್ತಾವ. ಆ ಬಾಣಾ ಒಂದನ್ನ ಹಿಡಿಯೂ ಟೂಲ್ ಬ್ಯಾರೇನ ಐತಿ."

"ನಿಮಗ ಗೊತ್ತಿತ್ತಾ? ಮೂರು ವರ್ಷದಾಗ ಒಮ್ಮೆರ ಹೇಳಬಾರದಾ?"

"ನೀ ಕೇಳಲಿಲ್ಲಲ್ಲ ತಂಗಿ."

ಅಷ್ಟರಲ್ಲಿ ಗುತ್ತಿಗೆದಾರರು ಬಂದರು. ನನ್ನ ಎದುರಿಗೇ ಹಿರಿಯರು ಅವರಿಗೆ, "ಹೊಸಾಕಿ ಅದಾಳ್ರಿ, ನನಗ ತೋರಸದ ಪ್ರಿಂಟಿಗೆ ಕೊಟ್ಟಾಳ" ಅಂದರು.

ತಪ್ಪು ನನ್ನದೂ ಹೌದು, ಪೂರ್ತಿ ಫೈಲು ನೋಡಲಿಲ್ಲ. ಆದರೆ ತೋರಿಸದೆ ಕೊಟ್ಟೆ ಎಂಬ ಸುಳ್ಳು ನುಂಗಲಾಗಲಿಲ್ಲ. ಅಂದೇ ಎರಡು ಬಾಣ ಎರಡು ಲೇಯರಿಗೆ ಹಾಕಿ ಹೊಸ ಬೋರ್ಡು ಮಾಡಿಸಿ ನೆಡಿಸಿದೆ. ದಿನವೂ ಕೆಲಸಕ್ಕೆ ಹೋಗುವ ಮುಂಚೆ ಅದರೆದುರು ನಿಂತು ಬಾಣದ ದಿಕ್ಕಿಗೆ ಕೈ ಚಾಚಿ ನೋಡುತ್ತಿದ್ದೆ. ಆದರೂ ರಾತ್ರಿ ಕಣ್ಣು ಮುಚ್ಚಿದರೆ ಅದೇ ಗಾಲಿ, ನಿದ್ದೆಯಿಲ್ಲ.

ಸುಮಾರು ಒಂದು ತಿಂಗಳಾದ ಮೇಲೆ, ಒಂದು ಗುರುವಾರ, ಗುಂಡಿ ಮುಚ್ಚಿ ರೋಲರ್ ಹೊಡೆದು ಬೋರ್ಡುಗಳನ್ನು ಕಿತ್ತೊಯ್ದರು. ಆವತ್ತು ರಾತ್ರಿ ಮಲಗಿದವಳಿಗೆ ಎಚ್ಚರವಾದಾಗ ಬೆಳಗಾಗಿತ್ತು.