‘ಒಂಥರಾ’ ಅಂದ್ರೆ ಯಾವ ಥರ?

ರಾಜಾಜಿನಗರದಲ್ಲಿ ನಮಗೊಬ್ಬ ಫ್ಯಾಮಿಲಿ ಡಾಕ್ಟರಿದ್ದರು. ನಾವೆಲ್ಲ ‘ಒಂಥರಾ ಆಗ್ತಿದೆ ಸಾರ್’ ಅಂತಲೇ ಶುರು ಮಾಡುವವರು. ಅವರು ಪೆನ್ನು ಕೆಳಗಿಟ್ಟು, ಕನ್ನಡಕ ಹಣೆಗೇರಿಸಿ, ‘ಒಂಥರಾ ಅಂದ್ರೆ ಯಾವ ಥರ?’ ಎಂದು ಕೇಳಿ ಕಾಯುತ್ತಿದ್ದರು. ಏನೆಂದು ತಿಳಿಯದ ನೋವಿಗೆ ಮೊದಲು ಇಂಥವರನ್ನು ಹುಡುಕಿ ಎಂದು ಈಗ ಎಲ್ಲರಿಗೂ ಹೇಳುತ್ತೇನೆ.

ಟೈಲ್ಸ್ ವ್ಯಾಪಾರದಲ್ಲಿ ನಾನು ಮೇಲೆ ಬಂದದ್ದೇ ದಲ್ಲಾಳಿಯನ್ನು ಬಿಟ್ಟು ನೇರ ಫ್ಯಾಕ್ಟರಿಗೆ ಹೋಗಿ. ಕಾಯಿಲೆಗೂ ಅದೇ ಲೆಕ್ಕ ಎಂದುಕೊಂಡಿದ್ದೆ. ಹೆಂಡತಿ ದವಡೆ ನೋವು ಎಂದಾಗ ನೇರ ಹಲ್ಲಿನ ಡಾಕ್ಟರಿಗೆ ಹೊರಟಿದ್ದೆ. ಅವಳೇ ಹಟ ಹಿಡಿದು ಇವರ ಕ್ಲಿನಿಕ್ಕಿಗೆ ಕರೆತಂದಳು.

‘ಹಲ್ಲೇ ಸಾರ್. ಒಳ್ಳೆ ಡೆಂಟಿಸ್ಟ್ ಹೆಸರು ಹೇಳಿ, ಸಾಕು’ ಎಂದೆ.

‘ನೋವು ನಿಮಗಾ ಸ್ವಾಮಿ? ಅಮ್ಮ, ನೀವು ಹೇಳಿ.’

‘ಒಂಥರಾ ಹಿಡ್ಕೊಂಡಂಗೆ ಸಾರ್. ತರಕಾರಿ ಬ್ಯಾಗ್ ಹೊತ್ಕೊಂಡು ನಡೆದ್ರೆ ಬರುತ್ತೆ, ನಿಂತ್ರೆ ಹೋಗುತ್ತೆ.’

‘ಅಗಿಯೋವಾಗ?’

‘ಆಗ ಏನೂ ಇಲ್ಲ.’

ಅವರು ಅಲ್ಲೇ ಇಸಿಜಿ ತೆಗೆದು, ಹೃದಯದ ಡಾಕ್ಟರೊಬ್ಬರಿಗೆ ಫೋನ್ ಮಾಡಿ, ನಮ್ಮೊಡನೆ ರಸ್ತೆಗೆ ಬಂದು ತಾವೇ ಆಟೋ ನಿಲ್ಲಿಸಿದರು.

‘ಹಾರ್ಟಾ ಸಾರ್?’ ಆಟೋ ಹತ್ತುತ್ತ ಕೇಳಿದೆ.

‘ಇರಬಹುದು. ತಡ ಮಾಡ್ಬೇಡಿ, ಈಗಲೇ ತೋರ್ಸಿ.’ ಆಮೇಲೆ ಆಟೋದೊಳಗೆ ಬಗ್ಗಿ, ‘ಅಲ್ಲೂ ಅಮ್ಮನೇ ಮಾತಾಡ್ಲಿ. ನೀವು ಬಿಲ್ ಕೌಂಟರ್‌ನಲ್ಲಿ ಮಾತಾಡಿ’ ಎಂದರು.

ಸ್ಟೆಂಟ್ ಹಾಕಿಸಿಕೊಂಡು ಮನೆಗೆ ಬಂದ ಮೇಲೆ, ಆ ಮಾತನ್ನು ಬೀದಿಗೆಲ್ಲ ಹೇಳಿ ನಗಿಸಿದವಳು ನನ್ನ ಹೆಂಡತಿಯೇ.